ಯಾರೂ ಸಾಯದ ಪುಸ್ತಕಗಳು

ಮಾರ್ಚ್ 3, ಸೋಮವಾರ

ಮೂವತ್ತು ದಾಟಿದ ಸಂಗೀತದ ಟೀಚರನ್ನು ಗುಬ್ಬಿ ಎಂದು ಕರೆಯಬೇಡ ಎಂದು ತಂಗಿ ಅಮ್ಮನಿಗೆ ಎಷ್ಟು ಸಲ ಹೇಳಿದ್ದಾಳೋ. ಇಂದು ಆಸ್ಪತ್ರೆಯಲ್ಲಿ ನರ್ಸ್ ರೋಗಿಯ ಹೆಸರು ಕೇಳಿದಾಗ ಅಮ್ಮನ ಬಾಯಿಂದ ಬಂದದ್ದು ಅದೇ. ನರ್ಸ್ ಬರೆದುಕೊಂಡೂಬಿಟ್ಟಳು. ಗುಬ್ಬಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಳು.

ಆಮೇಲೆ ಅವಳನ್ನು ಗಾಜಿನ ಕೋಣೆಯೊಳಗೆ ಕರೆದುಕೊಂಡು ಹೋದರು. ರಕ್ತದ ಕಾಯಿಲೆ ಎರಡನೆಯ ಸಲ ಬಂದಿದೆ. ಈ ವಾರವೆಲ್ಲ ಜೋರು ಔಷಧಿ ಕೊಟ್ಟು ಅವಳ ಮೂಳೆಯೊಳಗಿನದನ್ನು ಬರಿದು ಮಾಡುತ್ತಾರಂತೆ. ಆಮೇಲೆ ನನ್ನ ರಕ್ತದಿಂದ ತೆಗೆದ ಕಣಗಳನ್ನು ಅವಳಿಗೆ ಹಾಕುತ್ತಾರೆ. ಅವು ಅಲ್ಲಿ ಬೇರು ಬಿಟ್ಟರೆ ಸರಿ. ಬಿಡದಿದ್ದರೆ ಏನು ಎಂಬುದನ್ನೂ ಡಾಕ್ಟರ್ ಹೇಳಿದರು. ನಾನು ಆಗ ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಬಳಸುವ ವಿಧಾನ ಓದುತ್ತಿದ್ದೆ.

ಅಮ್ಮ ಗುಬ್ಬಿಯ ಪುಸ್ತಕಗಳನ್ನೆಲ್ಲ ಚೀಲದಲ್ಲಿ ಹೊತ್ತು ತಂದಿದ್ದಳು. ದಪ್ಪ ಕನ್ನಡಕದ ನರ್ಸ್ ಬಾಗಿಲಲ್ಲೇ ತಡೆದಳು. ಕಾಗದದಲ್ಲಿ ಧೂಳಿರುತ್ತದೆ, ಬೂಷ್ಟು ಇರುತ್ತದೆ. ಸ್ಪಿರಿಟ್ ಹಾಕಿ ಒರೆಸಲು ಆಗುವ ವಸ್ತು ಮಾತ್ರ ಒಳಗೆ. ಹೀಗಾಗಿ ಟ್ಯಾಬ್ ಒಳಗೆ ಹೋಯಿತು, ಪುಸ್ತಕದ ಚೀಲ ನನ್ನ ಕಾರಿನ ಡಿಕ್ಕಿಗೆ ಬಂತು. ನನ್ನ ಫೋನಿಗೂ ಅವಳ ಟ್ಯಾಬಿಗೂ ಒಂದೇ ಖಾತೆ ಮಾಡಿದ್ದೇನೆ. ಇಲ್ಲಿ ಪುಸ್ತಕ ಇಳಿಸಿ ಕಳಿಸಿದರೆ ಅಲ್ಲಿ ಕಾಣುತ್ತದೆ.

ಗಾಜಿನ ಆಚೆಯಿಂದ ಫೋನಿನಲ್ಲಿ ಗುಬ್ಬಿ ಕೇಳಿದ್ದು ಒಂದೇ. ಕಥೆ ಪುಸ್ತಕ ಕಳಿಸು, ನಮ್ಮ ಕಡೆಯವರದ್ದು. ಅಂದರೆ ಯೇಸುವನ್ನು ನಂಬುವ ಜನ ಇರುವ ಕಥೆ. ಹುಡುಕಲು ಅವಳಿಗೆ ಶಕ್ತಿಯಿಲ್ಲ. ನನಗೋ ಕಾರು ಓಡಿಸುವುದನ್ನು ಕಲಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ನಾನು ಕೊನೆಯ ಕಾದಂಬರಿ ಓದಿದ್ದು ಕಾಲೇಜಿನಲ್ಲಿ, ಅದೂ ಅರ್ಧ.

ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ 5, ಬುಧವಾರ

ಕ್ರೈಸ್ತ ಕಾದಂಬರಿ ಎಂದು ಹುಡುಕಿದರೆ ಪರದೆಯ ತುಂಬ ಗದ್ದೆಯಲ್ಲಿ ಬೆನ್ನು ತೋರಿಸಿ ನಿಂತ ಹೆಂಗಸರು. ಮುಖ ಯಾರಿಗೂ ಇಲ್ಲ. ನಡುವೆ ಪ್ರಾರ್ಥನಾ ಪುಸ್ತಕ, ಮಕ್ಕಳಿಗೆ ಬಣ್ಣ ತುಂಬುವ ಪುಸ್ತಕ, ದಾಂಪತ್ಯಕ್ಕೆ ಸಲಹೆ. ಕುರಿ ಕೇಳಿದರೆ ಕಂಬಳಿಯಿಂದ ಹಿಡಿದು ಕತ್ತರಿಯವರೆಗೆ ಎಲ್ಲ ತೋರಿಸುವ ಅಂಗಡಿ. ಮುಖಪುಟ ಚೆನ್ನಾಗಿದ್ದ ಒಂದನ್ನು ಕಳಿಸಿದೆ.

ಸಂಜೆ ಗುಬ್ಬಿಯ ತೀರ್ಪು ಬಂತು. "ಇದು ಕಥೆ ಅಲ್ಲ ಅಕ್ಕ. ಪ್ರಸಂಗಕ್ಕೆ ಪ್ಯಾಂಟು ಶರ್ಟು ಹಾಕಿಸಿದ್ದಾರೆ."

ಭಾನುವಾರ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಉಪದೇಶ ಮಾಡುವ ಆ ಪ್ರಸಂಗವನ್ನು ಕಣ್ಣರಳಿಸಿ ಕೇಳುವ ಹುಡುಗಿ ಇವಳು. ಪುಸ್ತಕದ ವಿಷಯಕ್ಕೆ ಬಂದರೆ ನಾಲಿಗೆ ಎಷ್ಟು ಹರಿತ. ಔಷಧಿಯಿಂದ ವಾಂತಿಯಾಗುತ್ತಿದೆಯಂತೆ. ಅದನ್ನು ಅವಳು ಹೇಳಲಿಲ್ಲ, ನರ್ಸ್ ಹೇಳಿದಳು.

ಮಾರ್ಚ್ 7, ಶುಕ್ರವಾರ

ಇಂದು ಕಳಿಸುವ ಮೊದಲು ನಾನೇ ತೆರೆದು ನೋಡಿದೆ. ನೋಡಿದ್ದು ಒಳ್ಳೆಯದಾಯಿತು. ನಾಯಕಿಗೆ ಹೊಟ್ಟೆಯಲ್ಲಿ ಗಡ್ಡೆ. ಸಭೆಯಲ್ಲಿ ಎಲ್ಲರೂ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಗಡ್ಡೆ ಮಾಯ. ಫೋನನ್ನು ಸೋಫಾದ ಮೇಲೆ ಎಸೆದೆ.

ಅಪ್ಪ ಕಾಯಿಲೆ ಬಿದ್ದಾಗಲೂ ಚರ್ಚಿನ ಇಡೀ ಸಭೆ ಪ್ರಾರ್ಥಿಸಿತ್ತು. ಸರದಿ ಹಾಕಿಕೊಂಡು ಉಪವಾಸ ಮಾಡಿದ್ದರು. ಹೂತು ಬಂದ ಮೇಲೆ ಅದೇ ಜನ ದೇವರ ಚಿತ್ತ ಎಂದರು. ಅಂದಿನಿಂದ ನಾನು ಅಮ್ಮನನ್ನೂ ಗುಬ್ಬಿಯನ್ನೂ ಚರ್ಚಿನ ಗೇಟಿಗೆ ಬಿಟ್ಟು ಕಾರಿನಲ್ಲೇ ಕೂರುತ್ತೇನೆ. ಯಾರೂ ಏನೂ ಕೇಳಿಲ್ಲ. ಗುಬ್ಬಿಯಂತೂ ಒಂದು ದಿನವೂ ಕೇಳಲಿಲ್ಲ.

ಇನ್ನು ಮೇಲೆ ನನ್ನ ಕಣ್ಣಿಗೆ ಬೀಳದೆ ಏನೂ ಒಳಗೆ ಹೋಗಬಾರದು. ಕೊನೆಯ ಅಧ್ಯಾಯ ಮೊದಲು ಓದುವುದು. ಕಾಯಿಲೆ, ಆಸ್ಪತ್ರೆ, ಸಮಾಧಿ ಕಂಡರೆ ಅಳಿಸುವುದು. ಬೆಳಿಗ್ಗೆಯಿಂದ ಎಷ್ಟು ಅಳಿಸಿದೆನೋ ಲೆಕ್ಕವಿಲ್ಲ. ಈ ಲೇಖಕರಿಗೆ ಜನರನ್ನು ಸಾಯಿಸುವುದು ಬಿಟ್ಟು ಬೇರೆ ಕಸುಬಿಲ್ಲವೇ?

ನನಗೂ ಇಂಜೆಕ್ಷನ್ ಶುರುವಾಗಿದೆ. ಮೂಳೆಯಲ್ಲಿರುವ ಕಣಗಳು ರಕ್ತಕ್ಕೆ ಇಳಿಯಬೇಕಂತೆ.

ಮಾರ್ಚ್ 8, ಶನಿವಾರ

ಸೊಂಟದ ಮೂಳೆ ಒಳಗಿಂದ ಯಾರೋ ಕುಟ್ಟುತ್ತಿರುವ ಹಾಗೆ. ಆದರೂ ಪಾಠಕ್ಕೆ ಹೋದೆ. ಮನೆಯಲ್ಲಿದ್ದರೆ ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತೇನೆ ಎಂದು ಅಮ್ಮನ ದೂರು.

ಮೊದಲ ಪಾಠ ಪಾಸ್ಟರಮ್ಮನದು. ಬೇರೆ ಸಭೆಯ ಪಾಸ್ಟರ ಹೆಂಡತಿ, ಅಮ್ಮನಷ್ಟೇ ವಯಸ್ಸು. ಹಾಫ್ ಕ್ಲಚ್ಚಿನಲ್ಲಿ ಏರು ಹತ್ತಿಸುವಾಗ ಪ್ರತಿ ಸಲ "ಕರ್ತನೇ" ಎನ್ನುತ್ತಾರೆ, ನಾನು ನನ್ನ ಕಡೆಯ ಬ್ರೇಕ್ ಒತ್ತುತ್ತೇನೆ. ಇಂದು ಕಾರು ಮರದ ನೆರಳಿಗೆ ನಿಲ್ಲಿಸಿ ನೀರು ಕುಡಿಯುವಾಗ ನನ್ನ ಫೋನಿನಲ್ಲಿದ್ದ ಗದ್ದೆಯ ಹೆಂಗಸನ್ನು ನೋಡಿ ಅವರ ಮುಖ ಅರಳಿತು. ಈ ಜಾತಿಯ ಪುಸ್ತಕಗಳನ್ನು ವರ್ಷಗಳಿಂದ ಓದುತ್ತಿದ್ದಾರಂತೆ. ಗಂಡನಿಗೆ ಗೊತ್ತಿಲ್ಲ. ಫೋನಿನಲ್ಲಿ ಇರುವುದರಿಂದ ಹೆಂಡತಿ ಬೈಬಲ್ ಓದುತ್ತಿದ್ದಾಳೆ ಎಂದು ಅವರು ಭಾವಿಸಿದ್ದಾರಂತೆ.

ಕ್ರೈಸ್ತ ಎಂದು ಮಾತ್ರ ಹುಡುಕಿದರೆ ಸಂತೆಗೆ ಹೋಗಿ ಸಾಮಾನು ಕೊಡಿ ಎಂದ ಹಾಗೆ ಎಂದು ನಕ್ಕರು. ಪ್ರೀತಿಯ ಕಥೆ ಬೇಕೋ, ಹಳೆಯ ಕಾಲದ್ದೋ, ಕೊಲೆ ಪತ್ತೆಯೋ, ಅದನ್ನು ಮೊದಲು ಸೇರಿಸಬೇಕು. ಉಚಿತವಾಗಿ ಕೊಡುವ ಮೊದಲ ಪುಟಗಳನ್ನು ಓದಬೇಕು. ಮೊದಲ ಪುಟದಲ್ಲೇ ಯಾರಾದರೂ ಇನ್ನೊಬ್ಬರಿಗೆ ಬುದ್ಧಿ ಹೇಳಿದರೆ ಮುಚ್ಚಿಬಿಡಬೇಕು. ಓದಿದವರ ಅಭಿಪ್ರಾಯಗಳ ಬಗ್ಗೆ ಅವರು ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ.

"ಹೊಗಳಿದೋರದ್ದು ಓದ್ಬೇಡಿ ಮೇಡಮ್, ಎಲ್ಲಾ ಒಂದೇ ತರ ಹೊಗಳ್ತಾರೆ. ಬೈದಿರೋರದ್ದು ಓದಿ. ಇದರಲ್ಲಿ ಪಾದ್ರಿ ಕೋಪ ಮಾಡ್ಕೋತಾನೆ, ಇದು ಸರಿಯಲ್ಲ ಅಂತ ಯಾರೋ ಬೈದಿರ್ತಾರೆ. ನಾನು ತಕ್ಷಣ ಅದನ್ನೇ ತಗೋತೀನಿ."

ಆಮೇಲೆ ತಂಗಿಗೆ ಏನು ಇಷ್ಟ ಎಂದು ಕೇಳಿದರು. ಗೇರ್ ಹಾಕಿ ಎಂದೆ.

ಮಾರ್ಚ್ 11, ಮಂಗಳವಾರ

ಎರಡೂ ತೋಳಿಗೆ ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ್ದು ಸೋಸಿಕೊಂಡು, ಉಳಿದದ್ದು ಇನ್ನೊಂದರಿಂದ ವಾಪಸು. ಕೈ ಅಲ್ಲಾಡಿಸಬಾರದು. ನನ್ನಂಥವಳಿಗೆ ಅದಕ್ಕಿಂತ ಶಿಕ್ಷೆ ಬೇಕೇ? ಮೂಗು ತುರಿಸಿತು, ಅಮ್ಮ ಕೆರೆದಳು.

ಸಂಜೆ ಆ ಪುಟ್ಟ ಚೀಲ ಗುಬ್ಬಿಯ ಕೋಣೆಗೆ ಹೋಯಿತು. ಟೊಮೆಟೊ ಸಾರಿನ ಬಣ್ಣ. ಗಾಜಿನ ಈಚೆ ನಿಂತು ಹನಿ ಹನಿ ಇಳಿಯುವುದನ್ನು ನೋಡಿದೆ. ಇಷ್ಟೇ ಏನು ನನ್ನ ಕೈಲಾದದ್ದು ಎನ್ನಿಸಿತು.

ಗುಬ್ಬಿ ಫೋನೆತ್ತಿ, "ಅಕ್ಕ, ಇನ್ಮೇಲೆ ನನಗೂ ಮೂಗಿನ ತುದೀಲಿ ಸಿಟ್ಟು ಬರುತ್ತೇನೋ," ಎಂದಳು.

ಮಾರ್ಚ್ 13, ಗುರುವಾರ

ಪಾಸ್ಟರಮ್ಮನ ವಿದ್ಯೆ ಫಲಿಸಿತು. ಬೈಗುಳ ಓದಿ ಆರಿಸಿದ ಪುಸ್ತಕ ಗುಬ್ಬಿಗೆ ಹಿಡಿಸಿದೆ. ಕಳ್ಳತನ ಪತ್ತೆಹಚ್ಚುವ ಪಾದ್ರಿಯ ಕಥೆ. ಅವನಿಗೆ ಹಲ್ಲುನೋವು, ಚರ್ಚಿನ ವಾದ್ಯಗೋಷ್ಠಿಯವರ ಮೇಲೆ ಅಸಮಾಧಾನ. ಕದ್ದವನು ಯಾರು ಎಂದು ನಾನು ಮೊದಲೇ ಕೊನೆಗೆ ಹೋಗಿ ನೋಡಿದ್ದರಿಂದ ಅವಳು ಊಹೆ ಹೇಳುವಾಗ ಮುಖ ಗಟ್ಟಿ ಮಾಡಿಕೊಂಡು ನಿಲ್ಲಬೇಕಾಯಿತು.

ಅವಳ ರುಚಿಯೂ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ. ಪ್ರೀತಿ ಇರಲಿ, ಆದರೆ ಹುಡುಗ ಮರಗೆಲಸದವನಾಗಿರುವುದು ಬೇಡವಂತೆ. ಯಾಕೆಂದರೆ ಇಂಥ ಪುಸ್ತಕಗಳಲ್ಲಿ ಎಲ್ಲ ಹುಡುಗರೂ ಮರಗೆಲಸದವರೇ. ನಂಬದವನು ಕೊನೆಯ ಅಧ್ಯಾಯದಲ್ಲಿ ತಟಕ್ಕನೆ ಮೊಣಕಾಲೂರುವುದು ಬೇಡ. ಅದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ, ಕಿಟಕಿ ನೋಡಿದಳು. ಹಾಸ್ಯ ಇರಲಿ. ಊಟದ ವರ್ಣನೆ ಸದ್ಯಕ್ಕೆ ಬೇಡ.

ಬಾಯಲ್ಲಿ ಹುಣ್ಣು ಶುರುವಾಗಿದೆ.

ಮಾರ್ಚ್ 17, ಸೋಮವಾರ

ಇದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಾರಿಗೆ ಹೋದರೆ ಓಡಿಸಬೇಕಾಗುತ್ತದೆ.

ಗುಬ್ಬಿಯ ಕೂದಲು ಹೋಗಿದೆ, ತುಟಿ ಒಡೆದಿದೆ. ಒಂದೊಂದು ಮಾತಿಗೂ ನೀರು ಹಾಕಿಕೊಂಡು ಮಾತಾಡುತ್ತಾಳೆ. ಹೊಸ ಪುಸ್ತಕ ಹೇಗಿದೆ ಎಂದು ಕೇಳಿದೆ. ತೋಟದ ಮನೆಯ ಕಥೆ, ಅಕ್ಕತಂಗಿಯರು, ಜೇನು ಸಾಕುತ್ತಾರೆ, ಯಾವ ತೊಂದರೆಯೂ ಇಲ್ಲ. ನಾನು ತುಂಬಾ ಜರಡಿ ಹಿಡಿದು ಆರಿಸಿದ್ದೆ.

ಅವಳು ನೀರು ಗುಟುಕರಿಸಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಅಕ್ಕ, ನೀನು ಕಳಿಸೋ ಪುಸ್ತಕದಲ್ಲಿ ಯಾರೂ ಸಾಯೋದೇ ಇಲ್ವಲ್ಲ. ಒಬ್ಬರಿಗೆ ನೆಗಡಿ ಕೂಡ ಬರಲ್ಲ."

ಹಾಗೇನಿಲ್ಲ, ಸಿಕ್ಕಿದ್ದನ್ನು ಕಳಿಸುತ್ತಿದ್ದೇನೆ ಎಂದೆ.

"ಸುಳ್ಳು ಹೇಳ್ಬೇಡ. ನಿನ್ನ ಮುಖ ಗಾಜಿಂದ ಚೆನ್ನಾಗಿ ಕಾಣುತ್ತೆ."

ನಾನು ತಲೆ ತಗ್ಗಿಸಿದೆ.

"ನನಗೆ ಭಯ ಆಗ್ತಿದೆ ಅಕ್ಕ. ಅಮ್ಮ ಧೈರ್ಯವಾಗಿರು ಅಂತಾಳೆ, ಪಾಸ್ಟರ್ ವಿಶ್ವಾಸ ಬಿಡ್ಬೇಡ ಅಂತಾರೆ. ನನಗೆ ವಿಶ್ವಾಸ ಇದೆ. ಭಯಾನೂ ಇದೆ. ಎರಡೂ ಒಟ್ಟಿಗೆ ಇದೆ. ಪುಸ್ತಕದಲ್ಲಾದ್ರೂ ನನ್ನ ತರದೋರು ಒಬ್ಬರು ಸಿಗಲಿ ಅಂತ ನೋಡ್ತಾ ಇದೀನಿ, ನೀನು ಜೇನು ಕಳಿಸ್ತೀಯ."

ನನಗೂ ಭಯ ಆಗ್ತಿದೆ ಕಣೇ ಎಂದೆ. ಹೇಳಿದ ಮೇಲೆ ಹೇಳಬಾರದಿತ್ತೇನೋ ಎನ್ನಿಸಿತು. ಆದರೆ ಅವಳು ದಿಂಬಿಗೆ ಒರಗಿ, "ಅಬ್ಬ, ಸದ್ಯ," ಎಂದು ಕಣ್ಣು ಮುಚ್ಚಿದಳು.

ಮಾರ್ಚ್ 18, ಮಂಗಳವಾರ

ಅಳಿಸಿದ ಪುಸ್ತಕಗಳ ರಾಶಿಯಲ್ಲಿ ಒಂದು ನೆನಪಿತ್ತು. ಹೊಳೆ ದಾಟಿಸುವ ದೋಣಿಯವಳ ಕಥೆ. ಗಂಡ ಸಾಯುತ್ತಾನೆ ಎಂದು ಯಾರೋ ಹೇಳಿದ್ದರಿಂದ ಅಂದೇ ಕೈಬಿಟ್ಟಿದ್ದೆ. ಮತ್ತೆ ಇಳಿಸಿಕೊಂಡೆ. ಬೈದವರು ಬಹಳ ಮಂದಿ. ಇವಳು ದೇವರನ್ನು ಏಕವಚನದಲ್ಲಿ ಗದರಿಸುತ್ತಾಳೆ, ಇದು ಕ್ರೈಸ್ತ ಕಾದಂಬರಿಯೇ ಅಲ್ಲ ಎಂದು ಒಬ್ಬರು. ಪ್ರಾರ್ಥನೆಗೆ ಉತ್ತರವೇ ಸಿಗುವುದಿಲ್ಲ ಎಂದು ಇನ್ನೊಬ್ಬರು.

ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಕಾರಿನಲ್ಲಿ ಓದಲು ಕುಳಿತೆ. ಊರವರ ಮುಂದೆ ಅವಳು ಗಟ್ಟಿಗಿತ್ತಿ. ದೋಣಿ ನಡುಹೊಳೆಗೆ ಬಂದಾಗ, ಯಾರಿಗೂ ಕೇಳಿಸದ ಜಾಗದಲ್ಲಿ, ದೇವರ ಜೊತೆ ಜಗಳ ತೆಗೆಯುತ್ತಾಳೆ. ದಡ ಸೇರುವಷ್ಟರಲ್ಲಿ ಮುಖ ಒರೆಸಿಕೊಂಡಿರುತ್ತಾಳೆ. ಯಾರೋ ಕಿಟಕಿ ತಟ್ಟಿದರು. ನೋಡಿದರೆ ಮುಂದಿನ ಪಾಠದವನು. ಬಹಳ ಹೊತ್ತಿನಿಂದ ಎಲ್ ಬೋರ್ಡಿನ ಹತ್ತಿರ ಕಾಯುತ್ತಿದ್ದನಂತೆ.

ಕೊನೆ ಏನೆಂದು ನೋಡದೆಯೇ ಕಳಿಸಿಬಿಟ್ಟೆ. ಮರೆತೇಹೋಯಿತು.

ಮಾರ್ಚ್ 20, ಗುರುವಾರ

ಅವಳು ಟ್ಯಾಬಿನಲ್ಲಿ ಗೀಟು ಎಳೆದ ಸಾಲು ನನ್ನ ಫೋನಿನಲ್ಲೂ ಹಳದಿಯಾಗಿ ಕಾಣುತ್ತದೆ. ಮಾತಾಡಲು ಬಾಯಿ ಬಾರದು, ಗೀಟು ಎಳೆಯಲು ಬೆರಳು ಸಾಕು. ದೋಣಿಯವಳು ದೇವರಿಗೆ "ನೀನು ಹೊಳೆ ಮಾಡಿದೆ ಸರಿ, ದಾಟುವ ಕಷ್ಟ ನಿನಗೇನು ಗೊತ್ತು" ಎನ್ನುವಲ್ಲಿ ಹಳದಿ. ಗಂಡ ಗಂಜಿ ಚೆಲ್ಲಿಕೊಂಡು ನಗುವಲ್ಲಿ ಹಳದಿ.

ಒಂದು ಕಡೆ ನಾನೂ ಗೀಟು ಎಳೆದೆ. ಸಂಜೆ ನೋಡಿದರೆ ಅದರ ಪಕ್ಕದಲ್ಲಿ ಅವಳು ಬರೆದಿದ್ದಾಳೆ: "ಇದು ನಿನ್ನದೇ ಇರಬೇಕು."

ಮಾರ್ಚ್ 22, ಶನಿವಾರ

ಬೆಳಿಗ್ಗೆಯಿಂದ ಜ್ವರ. ಮೈಯಲ್ಲಿ ಎದುರಿಸುವ ಶಕ್ತಿ ಇಲ್ಲದಾಗ ಸಣ್ಣ ಸೋಂಕೂ ದೊಡ್ಡದೇ ಎಂದರು ಡಾಕ್ಟರ್. ನನ್ನ ಕಣಗಳು ಇನ್ನೂ ಎದ್ದಿಲ್ಲ. ಎಲ್ಲಿ ಹೋಗಿ ಕುಳಿತಿವೆಯೋ. ನನ್ನ ಮೈಯವು ಎಂದ ಮೇಲೆ ಒಂದು ಕಡೆ ನಿಲ್ಲುವುದು ಅವಕ್ಕೆ ಗೊತ್ತಿದೆಯೋ ಇಲ್ಲವೋ.

ಹೊಸ ಹಳದಿ ಗೀಟಿಲ್ಲ.

ಮಾರ್ಚ್ 23, ಭಾನುವಾರ

ಗೀಟಿಲ್ಲ.

ಅಮ್ಮನನ್ನು ಚರ್ಚಿಗೆ ಬಿಟ್ಟೆ. ಕಾರಿನಲ್ಲಿ ಸೆಖೆ, ನೆರಳಿನ ಜಾಗದಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದ್ದರು. ಒಳಗೆ ಫ್ಯಾನ್ ಇದೆ ಎಂದು ಹೋಗಿ ಕಡೆಯ ಬೆಂಚಿನಲ್ಲಿ ಕುಳಿತೆ. ಅವರು ಹಾಡುತ್ತಿದ್ದಾಗ ನಾನು ಮನಸ್ಸಿನಲ್ಲೇ ದೋಣಿಯವಳ ಹಾಗೆ ಬೈದೆ. ಅಪ್ಪನ ಕಾಲದಿಂದ ಬಾಕಿ ಇದ್ದದ್ದನ್ನೆಲ್ಲ ಬೈದೆ. ಅದನ್ನು ಪ್ರಾರ್ಥನೆ ಎಂದು ಯಾರೂ ಕರೆಯಲಾರರು.

ಅಮ್ಮ ಹಿಂತಿರುಗಿ ನೋಡಿದಳು, ಮತ್ತೆ ಹಾಡಿನ ಪುಸ್ತಕಕ್ಕೆ ತಿರುಗಿದಳು.

ಮಾರ್ಚ್ 24, ಸೋಮವಾರ

ನರ್ಸ್ ಕರೆಸಿದಳು. ಗುಬ್ಬಿ ಟ್ಯಾಬ್ ಹಿಡಿಯಲಾರಳು, ಆದರೆ ಕಣ್ಣು ಅದರ ಕಡೆಯೇ ಹೋಗುತ್ತಿದೆ, ನೀವು ಓದಿ ಎಂದಳು. ಒಳಗಿನ ಫೋನನ್ನು ಅವಳ ದಿಂಬಿನ ಮೇಲೆ ಕಿವಿಗೆ ತಾಗುವಂತೆ ಇಟ್ಟಳು. ನಾನು ಗಾಜಿನ ಈಚೆ ಸ್ಟೂಲಿನ ಮೇಲೆ ಕುಳಿತೆ.

ಗಟ್ಟಿಯಾಗಿ ಓದುವುದು ನನಗೆ ಬಾರದು. ನನ್ನ ದನಿ ಕ್ಲಚ್ ಬಿಡಿ, ಬ್ರೇಕ್ ಹಿಡಿ ಎನ್ನಲು ಮಾಡಿದ್ದು. ಮೊದಲ ಪುಟ ಓಡಿಸಿಕೊಂಡು ಹೋದೆ. ಆಮೇಲೆ ದೋಣಿಯವಳೇ ನಿಧಾನ ಮಾಡಿಸಿದಳು. ಅವಳು ಹುಟ್ಟು ಹಾಕುವ ವೇಗಕ್ಕಿಂತ ಜೋರಾಗಿ ಅದನ್ನು ಓದಲು ಆಗುವುದಿಲ್ಲ.

ಗಂಡ ಸಾಯುವ ಅಧ್ಯಾಯ ಬಂತು. ಗುಬ್ಬಿಯ ಕಣ್ಣು ಮುಚ್ಚಿತ್ತು. ಮಲಗಿದ್ದಾಳೆ ಎಂದುಕೊಂಡು ಮೆಲ್ಲಗೆ ಆ ಪುಟಗಳನ್ನು ದಾಟಿಸಿ ಮುಂದಕ್ಕೆ ಹೋದೆ. ಹೊದಿಕೆಯ ಮೇಲಿದ್ದ ಅವಳ ಬೆರಳು ಎರಡು ಸಲ ಮಂಚ ತಟ್ಟಿತು. ಕಣ್ಣು ತೆರೆಯಲಿಲ್ಲ. ನಾನು ಹಿಂದಕ್ಕೆ ಹೋದೆ. ಆ ಅಧ್ಯಾಯವನ್ನು ಒಂದು ಮಾತೂ ಬಿಡದೆ ಓದಿದೆ. ಗಂಡ ಅವಳ ಕೈ ಹಿಡಿದು ಹೆದರಿಕೆಯಾಗುತ್ತಿದೆ ಎನ್ನುತ್ತಾನೆ. ಅವಳು ಸಮಾಧಾನ ಹೇಳುವುದಿಲ್ಲ, ಹತ್ತಿರ ಸರಿದು ಮಲಗುತ್ತಾಳೆ. ಅಷ್ಟೇ ಇರುವುದು. ಅಲ್ಲಿ ಅಪ್ಪ ಇದ್ದ, ಗುಬ್ಬಿ ಇದ್ದಳು, ಎಲ್ಲರೂ ಇದ್ದರು.

ಮುಗಿದಾಗ ಗುಬ್ಬಿಯ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಮುಖ ಮಾತ್ರ ಹಗುರವಾಗಿತ್ತು. ನರ್ಸ್ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತ, ನಾಳೆ ನಾನು ಬರುವವರೆಗೆ ಶುರು ಮಾಡಬೇಡಿ ಎಂದಳು.

ಮಾರ್ಚ್ 26, ಬುಧವಾರ

ಜ್ವರ ಇಳಿಯುತ್ತದೆ, ಏರುತ್ತದೆ. ನಿನ್ನೆಯೂ ಇಂದೂ ಓದಿದೆ. ಅಮ್ಮ ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳುತ್ತಾಳೆ. ದೋಣಿಯವಳು ಮತ್ತೆ ಮದುವೆಯಾಗುತ್ತಾಳಾ ಎಂದು ಮನೆಗೆ ಬರುವಾಗ ಕೇಳಿದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ಮೈದಾನದಲ್ಲಿ ಪಾಸ್ಟರಮ್ಮನಿಗೆ ಕೋಲುಗಳ ನಡುವೆ ರಿವರ್ಸ್ ತೆಗೆಸುತ್ತಿದ್ದೆ. ಅಭ್ಯಾಸಬಲದಿಂದ ಫೋನ್ ನೋಡಿದೆ. ಪುಸ್ತಕದಲ್ಲಿ ಹೊಸ ಹಳದಿ ಗೀಟು. ನಾವು ನಿಲ್ಲಿಸಿದ್ದ ಜಾಗದಿಂದ ಮುಂದೆ. ಅಂದರೆ ಅವಳೇ ಟ್ಯಾಬ್ ಎತ್ತಿಕೊಂಡಿದ್ದಾಳೆ, ಅವಳೇ ಓದಿದ್ದಾಳೆ. ಗಂಡನನ್ನು ಮಣ್ಣು ಮಾಡಿ ಎಷ್ಟೋ ದಿನಗಳಾದ ಮೇಲೆ ದೋಣಿಯವಳು ದಡದಲ್ಲಿ ಕುಳಿತಿರುವ ಪುಟ. ಗೀಟು ಬಿದ್ದದ್ದು ಎರಡೇ ಪದಕ್ಕೆ:

"ಅವಳಿಗೆ ಹಸಿವಾಯಿತು."

ಹಿಂದಿನಿಂದ ಟಕ್ ಎಂದಿತು. ಪಾಸ್ಟರಮ್ಮ ಕೋಲನ್ನು ಗುದ್ದಿ ಬೀಳಿಸಿದ್ದರು. ನೀವು ಬ್ರೇಕ್ ಯಾಕೆ ಹಿಡಿಯಲಿಲ್ಲ ಮೇಡಮ್ ಎಂದು ಗಾಬರಿಯಾದರು. ಬಿದ್ದರೆ ಬೀಳಲಿ ಬಿಡಿ ಎಂದೆ. ನಾನು ಅಳುತ್ತಿದ್ದೆನಂತೆ. ಅವರು ಕಾರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಆಮೇಲೆ ನನ್ನನ್ನು ತಬ್ಬಿಕೊಂಡರು. ಎಲ್ಲ ಸರಿಯಾದ ಕ್ರಮದಲ್ಲೇ ಮಾಡಿದರು.

ಮಾರ್ಚ್ 31, ಸೋಮವಾರ

ಡಾಕ್ಟರ್ ನಗುತ್ತ ಬಂದರು. ಬಿಳಿ ಕಣ ಏರುತ್ತಿದೆ. ನನ್ನವು ಬೇರೂರಿವೆ. ಇನ್ನೂ ಎಷ್ಟೋ ತಿಂಗಳು ಎಚ್ಚರ ಬೇಕು, ಯಾವುದಕ್ಕೂ ಖಾತ್ರಿ ಕೊಡಲಾರೆವು ಎಂದೂ ಹೇಳಿದರು. ಈ ಸಲ ಎಲ್ಲವನ್ನೂ ಕೇಳಿಸಿಕೊಂಡೆ.

ಗುಬ್ಬಿ ದೋಣಿಯವಳನ್ನು ಮುಗಿಸಿದ್ದಾಳೆ. ನಾನು ಮುಗಿಸಿಲ್ಲ. ಕೊನೆ ಹೇಳಬೇಡ ಎಂದು ಗಾಜಿಗೆ ಕೈ ಅಡ್ಡ ಹಿಡಿದೆ.

ಏಪ್ರಿಲ್ 14, ಸೋಮವಾರ

ಮನೆಗೆ ಬಂದಳು. ಅಮ್ಮ ಎಲ್ಲ ಪರದೆಗಳನ್ನೂ ಒಗೆದಿದ್ದಾಳೆ, ಚಪ್ಪಲಿಗಳನ್ನೂ ಬಿಟ್ಟಿಲ್ಲ. ಗುಬ್ಬಿ ತನ್ನ ಕೋಣೆಯಲ್ಲಿ ಮಲಗಿ ಹಾಡು ಗುನುಗಿದಳು. ದನಿ ಇನ್ನೂ ಸೀಳು. ಅಮ್ಮ ಅಡುಗೆಮನೆಯಲ್ಲಿ ಕೆಲಸ ನಿಲ್ಲಿಸಿ ನಿಂತದ್ದನ್ನು ನಾನು ನೋಡಿದೆ.

ಇಷ್ಟು ಬರೆಯುವುದಕ್ಕೇ ಇಂದು ಸಮಯ ಸಿಕ್ಕಿತು. ಈಚೆಗೆ ಯಾಕೋ ಬರೆಯಲು ಕುಳಿತರೆ ಬೇರೇನೋ ಓದುತ್ತಿರುತ್ತೇನೆ.

ಏಪ್ರಿಲ್ 28, ಸೋಮವಾರ

ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ರಕ್ತ ಕೊಟ್ಟಾಯಿತು, ವರದಿ ಬರುವವರೆಗೆ ಕಾಯಬೇಕು. ಕಾರಿಡಾರಿನ ತುದಿಯ ಖಾಲಿ ಬೆಂಚಿನಲ್ಲಿ ಕುಳಿತೆವು. ನಡುವೆ ಗಾಜಿಲ್ಲ. ಅವಳ ತಲೆಗೆ ಬಟ್ಟೆ, ಮುಖಕ್ಕೆ ಮಾಸ್ಕ್. ಕಣ್ಣು ಮಾತ್ರ ಕಾಣುತ್ತಿತ್ತು.

ನಾನು ಫೋನ್ ತೆಗೆದು ಹುಡುಕತೊಡಗಿದೆ. ಒಂದು ಸಿಕ್ಕಿತು, ದ್ವೀಪದಲ್ಲಿ ಅಂಚೆ ಹಂಚುವ, ಪಾದ್ರಿಯೊಬ್ಬನ ವಿಧವೆಯ ಕಥೆ. ಬೈದವರ ಪ್ರಕಾರ ಕಥೆ ಬಹಳ ನಿಧಾನ, ಕೊನೆಯವರೆಗೂ ಅನುಮಾನ ತೀರುವುದಿಲ್ಲ. ಚೆನ್ನಾಗಿರಬಹುದು ಎನ್ನಿಸಿತು.

"ಯಾರಿಗೆ ಹುಡುಕ್ತಿದ್ದೀಯ ಅಕ್ಕ?"

"ನಿನಗೇ."

"ನಾನು ಒಂದು ತಿಂಗಳು ಪುಸ್ತಕ ಮುಟ್ಟಲ್ಲ, ಬರೀ ಕಿಟಕೀಲಿ ನೋಡ್ತಾ ಕೂರ್ತೀನಿ ಅಂತ ಮೊನ್ನೆ ತಾನೇ ಹೇಳಿದ್ನಲ್ಲ."

ಹೇಳಿದ್ದಳು. ಮಾದರಿ ಪುಟಗಳನ್ನು ತೆರೆದೆ. ಮೊದಲ ಪುಟದಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಗಾಳಿ ಬೀಸುತ್ತಿತ್ತು, ಒಬ್ಬಳು ಚೀಲ ಹೊತ್ತು ಏರು ಹತ್ತುತ್ತಿದ್ದಳು.

ಗುಬ್ಬಿಯ ತಲೆ ನನ್ನ ಭುಜಕ್ಕೆ ಒರಗಿತು. ಭಾರವೇ ಇಲ್ಲ. ವರದಿಯ ಕಿಟಕಿಯಲ್ಲಿ ಯಾರ ಯಾರದೋ ಹೆಸರು ಕೂಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮಾಸ್ಕಿನೊಳಗಿಂದ ಅವಳ ದನಿ ಬಂತು.

"ಪುಟ ತಿರುಗಿಸು, ನನ್ನದಾಯ್ತು."

"ತಡಿ," ಎಂದೆ. "ನಾನಿನ್ನೂ ಓದ್ತಿದೀನಿ."